ಕೆಸರಿಲ್ಲದ ಜಾಗ

ಮಳೆಗಾಲದಲ್ಲಿ ಟೆಂಟು ಹೊತ್ತುಕೊಂಡು ಹೋಗಿ ಗುಡ್ಡದಲ್ಲಿ ಮಲಗುವ ಹುಚ್ಚು ನಮ್ಮ ಕಡೆಯವರಿಗೆ ಇಲ್ಲ. ಮಳೆ ಬಂದರೆ ಕಾಲಿಗೆ ಮೆತ್ತಿದ ಕಪ್ಪು ಎರಿಮಣ್ಣನ್ನು ಹೊಸ್ತಿಲ ಕಲ್ಲಿಗೆ ತಿಕ್ಕಿ, ಬೈದುಕೊಳ್ಳುತ್ತ ಒಳಗೆ ಹೋಗಿ ಕೂರುವ ಜನ ನಾವು. ಹುಚ್ಚು ಹತ್ತಿದ್ದು ಜೇವರ್ಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ಗೆಳೆಯನಿಗೆ. ಕಳೆದ ವರ್ಷ ಎಲ್ಲಿಂದಲೋ ಒಂದು ಹಳೆಯ ಜೀಪು ತಂದ. ಅದರ ನಾಲ್ಕೂ ಗಾಲಿ ಎಳೆಯುತ್ತವೆ ಎಂದು ಸಿಕ್ಕಸಿಕ್ಕವರ ತಲೆ ತಿಂದ. ಆಳಂದದಾಚೆ ಗಡಿಯ ಹತ್ತಿರ ಒಂದು ಗುಡ್ಡಸಾಲು ಇದೆ. ಘಟ್ಟದವರು ನೋಡಿದರೆ ನಕ್ಕಾರು. ಆದರೆ ಎರಿಬಯಲಲ್ಲಿ ಹುಟ್ಟಿದ ನಮಗೆ ಅದೇ ಪರ್ವತ. ಭಾದ್ರಪದದ ಒಂದು ಶನಿವಾರ ಅಲ್ಲಿಗೆ ಹೋಗಿ ಒಂದು ರಾತ್ರಿ ಇದ್ದು ಬರುವುದು ಎಂದು ಅವನೇ ಠರಾಯಿಸಿದ.

ಮೂರನೆಯವನನ್ನು ಎಳೆದು ತಂದವನು ನಾನು. ಅವನದು ಆಳಂದದಲ್ಲಿ ಝೆರಾಕ್ಸ್ ಅಂಗಡಿ. ಬೈಕಿನಿಂದ ಬಿದ್ದು ತೊಡೆಗೆ ರಾಡು ಹಾಕಿಸಿಕೊಂಡ ಮೇಲೆ ಬಗಲಲ್ಲಿ ಊರುಗೋಲು ಬಂದಿತ್ತು. ಮನೆ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಮನೆ. ಬರುವುದಿಲ್ಲ ಎಂದು ನಾಲ್ಕು ಸಲ ಹೇಳಿದ. ನಾನು ಹೈಸ್ಕೂಲು ಮಾಸ್ತರ. ಒಲ್ಲೆ ಅಂದವರನ್ನು ಒಪ್ಪಿಸುವುದು ನನಗೆ ಚಟವಾಗಿ ಹೋಗಿದೆ. ಜೀಪಿನಿಂದ ಇಳಿಯುವುದೇ ಬೇಡ, ಕೂತಲ್ಲೇ ಚಹಾ ತಂದುಕೊಡುತ್ತೇವೆ ಎಂದೆ.

ಅವನ ಹೆಂಡತಿ ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಜೀಪಿನಲ್ಲಿಟ್ಟು, ನನ್ನ ಮುಖವನ್ನೇ ನೋಡಿ ಹೇಳಿದಳು:

"ಅಣ್ಣಾರ, ಇವರ್ನ ಒಬ್ಬರ್ನ ಎಲ್ಲೀ ಬಿಡಬ್ಯಾಡ್ರಿ. ಜಾರಿ ಬಿದ್ರ ಏಳಾಕ ಬರಂಗಿಲ್ಲ ಅವರಿಗೆ."

"ನಾ ಇದ್ದೀನಲ್ಲ ತಂಗಿ, ಯಾಕ ಚಿಂತಿ ಮಾಡ್ತಿ" ಎಂದೆ. ಭಾಳ ಧಿಮಾಕಿನಿಂದಲೇ ಹೇಳಿದೆ.

ಕಿಣ್ಣಿ ಸುಲ್ತಾನ ಊರು ದಾಟಿ ಡಾಂಬರು ಮುಗಿಯುತ್ತಲೇ ಜೀಪಿನ ಜಂಬ ಇಳಿಯಿತು. ಹಸಿ ಎರಿಯ ಮೇಲೆ ನಾಲ್ಕು ಗಾಲಿಯಾದರೇನು, ಎಂಟಾದರೇನು? ಮಣ್ಣು ಮೆತ್ತಿ ಮೆತ್ತಿ ಗಾಲಿಗಳು ಗುಂಡಗಾದವು. ಜೀಪು ಮುಂದಕ್ಕೆ ಹೋಗುವ ಬದಲು ಅಡ್ಡಡ್ಡ ಸರಿಯತೊಡಗಿತು. ಎರಡು ಸಲ ತೊಗರಿ ಹೊಲಕ್ಕೆ ಇಳಿದೆವು. ಎರಡು ಸಲವೂ ನಾನು ಮೊಳಕಾಲುಮಟ ಕೆಸರಲ್ಲಿ ನಿಂತು ನೂಕಿದೆ. ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಮಣ್ಣು ಕಂಡರೆ ಕಚ್ಚುವಷ್ಟು ಸಿಟ್ಟು ಬಂದಿತ್ತು.

ಅಲ್ಲಿ ಆ ಜಾಗ ಕಂಡಿತು. ಗುಡ್ಡದ ಎರಡು ಮಗ್ಗಲು ಕೂಡುವಲ್ಲಿ, ಅಂಗಳದಷ್ಟು ಅಗಲದ ಸಪಾಟು ನೆಲ. ಮರಳು, ಸಣ್ಣ ಸಣ್ಣ ಉರುಟು ಕಲ್ಲು, ಒಂದು ಚೂರೂ ಕೆಸರಿಲ್ಲ. ಒಂದು ಬದಿಗೆ ಬೆರಳುದ್ದ ಆಳದ ನೀರು ಹರಿಯುತ್ತಿತ್ತು. ಮೂವರಿಗೂ ತಡೆಯಲಾರದಷ್ಟು ಸಂತೋಷವಾಯಿತು. ಜೀಪನ್ನು ನಡುವೆ ನಿಲ್ಲಿಸಿ ಪಕ್ಕದಲ್ಲೇ ಟೆಂಟು ಹೊಡೆದೆವು. ಒದ್ದೆ ಪ್ಯಾಂಟು ಒಣಗಿಸಲು ಜಾಲಿಯ ಟೊಂಗೆಯೊಂದು ಸಿಕ್ಕಿತು. ನನ್ನ ತಲೆಯ ಎತ್ತರಕ್ಕಿದ್ದ ಆ ಟೊಂಗೆಗೆ ಒಣಹುಲ್ಲು, ಹರಿದ ಗೊಬ್ಬರದ ಚೀಲ ಸುತ್ತಿಕೊಂಡಿದ್ದವು. ಅವನ್ನು ಕಿತ್ತು ಬಿಸಾಕಿ ಪ್ಯಾಂಟು ಹರವಿದೆ. ಅಷ್ಟು ಎತ್ತರಕ್ಕೆ ಹುಲ್ಲು ಹೇಗೆ ಹತ್ತಿತು ಎಂದು ವಿಜ್ಞಾನ ಕಲಿಸುವ ಈ ಮಹಾಶಯ ಕೇಳಿಕೊಳ್ಳಲಿಲ್ಲ.

ಸಂಜೆ ಕುರಿ ಹೊಡೆದುಕೊಂಡು ಒಬ್ಬ ಮುದುಕ ಬಂದ. ಹೆಗಲ ಮೇಲೆ ಕಂಬಳಿ. ಜೀಪು ನೋಡಿದ, ಟೆಂಟು ನೋಡಿದ.

"ಇಲ್ಲೇ ಮಲಗ್ತೀರೇನ್ರಿ ಸಾಹೇಬ್ರ?"

"ಹೌದ್ರಿ. ಮಸ್ತ್ ಜಾಗ ಅದ. ಕೆಸರ ಇಲ್ಲ ನೋಡ್ರಿ" ಎಂದ ಜೀಪಿನವ.

ಮುದುಕ ಗುಡ್ಡದ ಮೇಲ್ತುದಿಯನ್ನು ಒಮ್ಮೆ ನೋಡಿದ. "ಮ್ಯಾಲ ಬಯಲಾಗ ಹೇರಳ ಜಾಗ ಅದ ಬಿಡ್ರಿ" ಎಂದ. ನಾವು ನಕ್ಕೆವು. ಮೇಲೆ ಎರಿ ಇತ್ತು. "ನಿಮ್ಮ ಮರ್ಜಿ" ಎಂದು ಕುರಿಗಳ ಹಿಂದೆ ಹತ್ತಿ ಹೋದ.

ರಾತ್ರಿ ಜಿಟಿಜಿಟಿ ಮಳೆ ಬಿಟ್ಟರೆ ಏನೂ ಆಗಲಿಲ್ಲ. ಬೆಳಗ್ಗೆ ಎದ್ದಾಗ ನೀರು ಮೊದಲಿನಷ್ಟೇ ಇತ್ತು. ಆದರೆ ಬಣ್ಣ ಬದಲಾಗಿ ಹಾಲು ಕಡಿಮೆ ಹಾಕಿದ ಚಹಾದಂತಾಗಿತ್ತು. ರಾಡು ಹಾಕಿದ ಕಾಲಿನವ ಅದನ್ನು ನೋಡಿ, "ಮ್ಯಾಲೆಲ್ಲೋ ಮಳಿ ಆಗೇದ" ಎಂದ. ತಲೆಯ ಮೇಲೆ ಆಕಾಶ ತೆರವಾಗಿತ್ತು, ಉತ್ತರಕ್ಕೆ ಮಾತ್ರ ಕಪ್ಪು. ಘತ್ತರಗಿಯಲ್ಲಿ ಒಂದು ಹನಿ ಬೀಳದಿದ್ದರೂ ಭೀಮಾ ಹೊಳೆ ಗುಡಿಯ ಮೆಟ್ಟಿಲು ಹತ್ತುತ್ತದೆ. ಮೇಲಿನ ಮಳೆ ಕೆಳಗಿನವರನ್ನು ಕೇಳಿ ಬರುವುದಿಲ್ಲ ಎಂದು ನಾನೇ ಪ್ರತಿ ವರ್ಷ ಪಾಠ ಮಾಡುತ್ತೇನೆ. ಆದರೆ ಅದು ಹೊಳೆಯ ಮಾತು, ಇದು ಬೆರಳುದ್ದದ ನೀರು ಎಂದುಕೊಂಡು ಸುಮ್ಮನಾದೆ.

ಜೀಪಿನವನಿಗೆ ಗುಡ್ಡದ ನೆತ್ತಿಯಿಂದ ಫೋಟೊ ಬೇಕಾಗಿತ್ತು. "ಹೋಗಿ ಬರ್ರೋ, ನಾ ಇಲ್ಲೇ ಕೂಡ್ತೇನಿ" ಎಂದ ಕಾಲಿನವ. ಅವನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿ, ಊರುಗೋಲನ್ನು ಕೈಗೆ ಸಿಗುವಂತೆ ಇಟ್ಟು ಹೊರಟೆವು. ಚಾವಿ ಜೀಪಿನವನ ಜೇಬಿನಲ್ಲೇ ಉಳಿಯಿತು. ಅದು ಕೈಯಲ್ಲಿದ್ದರೂ ಆ ಕಾಲಿನಿಂದ ಗಾಡಿ ಓಡಿಸಲು ಅವನಿಗೆ ಆಗುತ್ತಿರಲಿಲ್ಲ.

ನೆತ್ತಿ ಹತ್ತಲು ಮುಕ್ಕಾಲು ತಾಸು ಹಿಡಿಯಿತು. ಬಂಡೆಯ ಮೇಲೆ ಕೂತು ಹುರಿದ ಶೇಂಗಾ ತಿನ್ನುತ್ತಿದ್ದಾಗ ಕೆಳಗಿನಿಂದ ಹಾರ್ನ್ ಕೇಳಿಸಿತು; ಆ ಹಳೆಯ ಜೀಪಿನಲ್ಲಿ ಅದು ಚಾವಿಯಿಲ್ಲದೆಯೂ ಕೂಗುತ್ತಿತ್ತು. ಮೊದಲು ಎರಡು ಸಲ, ಗಿಡ್ಡಕ್ಕೆ.

"ನೋಡಲೇ, ಚಹಾ ಬೇಕಾಗೇದ ಸಾಹೇಬ್ರಿಗೆ" ಎಂದೆ. ಜೀಪಿನವ ನಕ್ಕ.

ಮತ್ತೆ ಹಾರ್ನ್. ಈ ಸಲ ಉದ್ದಕ್ಕೆ. "ಬ್ಯಾಟರಿ ಇಳಸ್ತಾನ ಸೂಳೇಮಗ" ಎಂದು ಜೀಪಿನವ ಬೈದ. ಏಳಲಿಲ್ಲ. ನಾನೂ ಏಳಲಿಲ್ಲ. ಆಮೇಲೆ ಅದು ನಿಲ್ಲಲೇ ಇಲ್ಲ; ಸ್ವಲ್ಪ ಬಿಟ್ಟು, ಮತ್ತೆ ಉದ್ದಕ್ಕೆ. ನನಗೆ ಅದು ಕಿರಿಕಿರಿ ಎನಿಸಿತು. ಒಂದು ತಾಸು ಒಬ್ಬನೇ ಕೂರಲಾಗುವುದಿಲ್ಲವೇ ಇವನಿಗೆ ಎಂದುಕೊಂಡೆ. ಶೇಂಗಾ ಮುಗಿಯುವವರೆಗೂ ಕೂತೆವು. ಇದನ್ನು ಬರೆಯುವಾಗ ಕೈ ಹಿಂದೆ ಸರಿಯುತ್ತದೆ, ಆದರೂ ನಡೆದದ್ದು ಅದೇ.

ನಡುವೆಯೇ ಕತ್ತರಿಸಿದಂತೆ ಹಾರ್ನ್ ನಿಂತಿತು. ಅದು ನಿಂತ ಮೇಲೆ ಅದರ ಕೆಳಗೆ ಇನ್ನೊಂದು ಸದ್ದು ಇರುವುದು ಕೇಳಿಸಿತು. ಕಲ್ಲಿಗೆ ಕಲ್ಲು ಬಡಿಯುವ, ದಡಬಡ ಸದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಓಡಿದೆವು.

ಹೇಗೆ ಇಳಿದೆನೋ ನೆನಪಿಲ್ಲ. ಮೊಣಕೈ ಎರಡೂ ಕೆತ್ತಿಹೋಗಿದ್ದವು. ನಮ್ಮ ಅಂಗಳವಿದ್ದಲ್ಲಿ ಕೆಂಪು ನೀರು, ಈ ದಂಡೆಯಿಂದ ಆ ದಂಡೆಯವರೆಗೆ. ಟೆಂಟು ಇರಲಿಲ್ಲ. ಜೀಪು ಅಡ್ಡ ತಿರುಗಿ ಬಂಡೆಗೆ ಒರಗಿ ನಿಂತಿತ್ತು, ಬಾನೆಟ್ಟಿನ ಮೇಲಿಂದ ನೀರು ಹೋಗುತ್ತಿತ್ತು. ಮುಂದಿನ ಸೀಟು ಖಾಲಿ. ಅವನ ಹೆಂಡತಿಯ ಮುಂದೆ ಹೇಗೆ ನಿಲ್ಲಲಿ ಎಂಬುದೇ ಮೊದಲು ತಲೆಗೆ ಬಂದದ್ದು. ಅವನ ಜೀವ ಹೋಯಿತೇ ಎಂಬುದು ಆಮೇಲೆ ಬಂತು. ಈ ಕ್ರಮಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

"ಇಲ್ಲಿ ಬರ್ರೀ ಸಾಹೇಬ್ರ!"

ನಮ್ಮ ಬದಿಯ ದಂಡೆಯಲ್ಲೇ, ಮೇಲೆ, ಆ ಕುರಿಯ ಮುದುಕ. ಪಕ್ಕದಲ್ಲಿ ಕಂಬಳಿ ಹೊದ್ದು ನಮ್ಮವನು ಕೂತಿದ್ದ, ತುಟಿ ನೀಲಿಯಾಗಿತ್ತು. ಎದೆಮಟ ನೀರಿನಲ್ಲಿ ಇಳಿದು ಮುದುಕ ಅವನನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ಊರುಗೋಲು ಹೋಗಿತ್ತು. ನಾನು ಅವನ ಕೈ ಹಿಡಿದುಕೊಂಡೆ.

"ಕೆಸರ ಯಾಕಿಲ್ಲಂತ ನೋಡ್ಲಿಲ್ಲೇನ್ರಿ?" ಎಂದ ಮುದುಕ, ಬೈಯದೆ. "ಹಳ್ಳ ತಾನು ಮಲಗೋ ಜಾಗ ತಾನೇ ಕಸ ಹೊಡಕೋತದ."

ನಮ್ಮವನು ನನ್ನನ್ನೇ ನೋಡುತ್ತಿದ್ದ. "ಹಾರ್ನ್ ಹೊಡದೆ. ಭಾಳ ಹೊತ್ತು ಹೊಡದೆ. ಕೇಳಿಸ್ಲಿಲ್ಲೇನೋ ನಿಮಗ?"

ಜೀಪಿನವ ನೆಲ ನೋಡಿದ. "ಇಲ್ಲೋ" ಎಂದೆ ನಾನು. "ಮ್ಯಾಲ ಗಾಳಿ ಭಾಳ ಇತ್ತು. ಏನೂ ಕೇಳಿಸ್ಲಿಲ್ಲ."

ಮುದುಕನಿಗೆ ನಮ್ಮ ನಡುವಿನದೇನೂ ಗೊತ್ತಿರಲಿಲ್ಲ. "ಗಾಳಿ ಎಲ್ಲಿತ್ರಿ?" ಎಂದ. "ನಾ ಆ ಕಡಿ ಗುಡ್ಡದಾಚಿ ಕುರಿ ಮೇಸಾಕತ್ತಿದ್ದೆ. ಅಲ್ಲೀತನಾ ಕೇಳಿಸ್ತು. ಯಾರೋ ಸಿಕ್ಕೊಂಡಾರಂತ ಓಡಿ ಬಂದೆ."

ನಮ್ಮವನು ನನ್ನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಕಂಬಳಿಯೊಳಗೆ ಇಟ್ಟುಕೊಂಡ.

ಮಧ್ಯಾಹ್ನದ ಹೊತ್ತಿಗೆ ಹಳ್ಳ ಇಳಿಯಿತು. ಟ್ರ್ಯಾಕ್ಟರ್ ಕರೆಸಿ ಜೀಪನ್ನು ಎಳೆಸಿದೆವು. ಟ್ರ್ಯಾಕ್ಟರಿನಲ್ಲೇ ಕೂತು ಡಾಂಬರಿನವರೆಗೆ ಬಂದು, ಅಲ್ಲಿಂದ ಬಾಡಿಗೆ ಆಟೋದಲ್ಲಿ ಆಳಂದ ಸೇರುವಾಗ ದೀಪ ಹಚ್ಚುವ ಹೊತ್ತು. ದಾರಿಯುದ್ದಕ್ಕೂ ಅವನು ಹೊರಗೇ ನೋಡುತ್ತ ಕೂತಿದ್ದ. ಹೆಂಡತಿಗೆ ನಿಜ ಹೇಳುತ್ತಾನೆ, ಹೇಳಲಿ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬೈಸಿಕೊಂಡರೆ ಸ್ವಲ್ಪ ಹಗುರಾದೀತು ಎಂಬ ಆಸೆಯೂ ಇತ್ತು.

ನಮ್ಮಿಬ್ಬರ ಹೆಗಲ ಮೇಲೆ ಕೈ ಹಾಕಿ ಕುಂಟುತ್ತ ಬಂದ ಗಂಡನನ್ನು ನೋಡಿ ಅವಳು ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು. "ಏನಾತ್ರಿ?"

"ಹಳ್ಳ ಬಂದಿತ್ತು" ಎಂದ ಅವನು, ಗೋಡೆಯ ಕಡೆ ನೋಡುತ್ತ. "ಇವರೇ ಹೊತಗೊಂಡು ಬಂದ್ರು. ಇಲ್ಲಂದ್ರ ನಾ ಇರತಿರಲಿಲ್ಲ."

ಅವಳು ನನ್ನ ಕಾಲು ಮುಟ್ಟಲು ಬಾಗಿದಳು. ಬೇಡ ಬೇಡ ಎಂದು ಹಿಂದೆ ಸರಿದೆ. ಕಣ್ಣೊರೆಸಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು. ಬಿಸಿ ರೊಟ್ಟಿ, ಪಲ್ಯ, ಮೇಲೆ ಬೆಣ್ಣೆ ಹಾಕಿ ಮೊದಲ ತಾಟನ್ನು ನನ್ನ ಮುಂದೆಯೇ ಇಟ್ಟಳು.

"ಉಣ್ರಿ ಅಣ್ಣಾರ."

ಎದುರಿಗೆ ಕೂತಿದ್ದ ಅವನು ಆಗ ಮೊದಲ ಸಲ ನನ್ನತ್ತ ನೋಡಿದ. ನಾನು ರೊಟ್ಟಿ ಮುರಿದು ಉಂಡೆ. ಅವಳು ಎರಡನೆಯದನ್ನು ಹಾಕಲು ಬಂದಾಗಲೂ ಬೇಡ ಎನ್ನಲಿಲ್ಲ.