ಟಣ್‌ಟಣ್ ತೋರಿಸಿದ ದಾರಿ

ನಮ್ಮ ಬೀದಿಗೆ ಗ್ಯಾಸ್ ಸಿಲಿಂಡರ್ ತಂದು ಹಾಕುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿದ್ದೇ ಇರುತ್ತದೆ. ಅದನ್ನು ಕೇಳುವ ಪುರುಸೊತ್ತು ಯಾರಿಗೂ ಆಗಿಲ್ಲ. ಮೂಲೆ ತಿರುಗುತ್ತಿದ್ದಂತೆ ಕೈಯಲ್ಲಿರುವ ಸ್ಪ್ಯಾನರಿನಿಂದ ಸಿಲಿಂಡರನ್ನು ಬಾರಿಸಲು ಶುರು ಮಾಡುತ್ತಾನೆ, ಟಣ್ ಟಣ್ ಟಣ್. ಹಾಗಾಗಿ ಅವನು ಟಣ್‌ಟಣ್. ಕೂತಲ್ಲಿ ಕೂರುವ ಜಾಯಮಾನವೇ ಅವನದಲ್ಲ. ನನ್ನ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಕಾಲು ಕುಣಿಯುತ್ತದೆ, ಕಾಲು ನಿಂತರೆ ಕೈ ನನ್ನ ಕತ್ತರಿಗೆ ಹೋಗುತ್ತದೆ. "ಒಂದು ಗಳಿಗೆ ನೆಟ್ಟಗೆ ಕೂತ್ಕೊಳ್ಳೋ ಮಹಾರಾಯ, ನಿನ್ನ ನೋಡಿ ನನ್ನ ಹೊಲಿಗೆ ಸೊಟ್ಟ ಹೋಗ್ತಿದೆ" ಎಂದು ಗದರಿದರೆ, "ಕೂತೇ ಇದ್ದೀನಲ್ಲಕ್ಕ" ಎನ್ನುತ್ತಾ ಎದ್ದು ಬಾಗಿಲಿಗೆ ಹೋಗಿ ಬೀದಿ ನೋಡುತ್ತಾನೆ.

ಮೊದಲು ಹೀಗಿರಲಿಲ್ಲ. ಬಾಯಿಬಡುಕ ನಿಜ, ಆದರೆ ನೆಮ್ಮದಿಯ ಮನುಷ್ಯ. ಆ ನೆಮ್ಮದಿ ಕೆಟ್ಟದ್ದು ದೊಡ್ಡಮ್ಮನ ಮನೆ ಬಾಗಿಲಲ್ಲಿ.

ದೊಡ್ಡಮ್ಮ ನನಗೇನೂ ನೆಂಟರಲ್ಲ. ಬೀದಿಯ ಆ ತುದಿಯಲ್ಲಿ ಹಸಿರು ಬಾಗಿಲಿನ ಮನೆ ಅವರದು, ಬೀದಿಗೆಲ್ಲ ಅವರು ದೊಡ್ಡಮ್ಮ. ಗಂಡ ಇಲ್ಲ. ಮಗ ಸೈನ್ಯದಲ್ಲಿದ್ದ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಕೂಡುರಸ್ತೆಯಲ್ಲಿ ಜೀಪು ನಿಂತಿತು. ಸಮವಸ್ತ್ರದ ಇಬ್ಬರು ಇಳಿದು, ಮಗನ ಹೆಸರು ಹೇಳಿ, "ಅವರ ಅಮ್ಮನ ಮನೆ ಯಾವುದು?" ಎಂದು ಕೇಳಿದ್ದು ಹೆಗಲ ಮೇಲೆ ಸಿಲಿಂಡರ್ ಹೊತ್ತಿದ್ದ ಇವನನ್ನೇ. "ಬನ್ನಿ ಸಾರ್, ನಾನೂ ಅಲ್ಲಿಗೇ ಹೊರಟಿದ್ದೀನಿ" ಎಂದ. ಮಗನಿಗೆ ಬಡ್ತಿ ಸಿಕ್ಕಿದೆ ಎಂದು ಈ ಪುಣ್ಯಾತ್ಮನ ಲೆಕ್ಕ. ತಾನೇ ಬಾಗಿಲು ತಟ್ಟಿ, "ದೊಡ್ಡಮ್ಮ, ಮಗನ ಕಡೆಯವರು ಬಂದಿದ್ದಾರೆ, ಬೇಗ ಬನ್ನಿ. ಒಳ್ಳೇ ಸುದ್ದಿ ಇದ್ದಂಗಿದೆ" ಎಂದು ಕೂಗಿದ. ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ, ನಗುತ್ತಲೇ ಬಂದು ಬಾಗಿಲು ತೆಗೆದರು. ಬಂದವರು ತಂದಿದ್ದು ಮಗನ ಸಾವಿನ ಸುದ್ದಿ.

ಅಷ್ಟು ಸಾಲದು ಎಂಬಂತೆ ಮಗಳೂ ಅಣ್ಣನ ಹಾದಿ ಹಿಡಿದು ಸೈನ್ಯ ಸೇರಿದಳು. ಹೊರಡುವ ಹಿಂದಿನ ದಿನ ನಾನೇ ಬೈದೆ. "ಅಮ್ಮನ ಮುಖ ಒಂದು ಸಲ ನೋಡೇ" ಎಂದೆ. "ನೋಡೇ ಹೊರಟಿರೋದು ಅಕ್ಕ" ಎಂದಳು.

ಆಮೇಲೆ ಆ ಮನೆಯ ಬಾಗಿಲನ್ನು ಯಾರು ತಟ್ಟಿದರೂ ದೊಡ್ಡಮ್ಮನ ಮುಖದಲ್ಲಿ ರಕ್ತ ಇರುತ್ತಿರಲಿಲ್ಲ. ಮೀಟರ್ ಓದುವವನು ತಟ್ಟಿದರೂ ಅಷ್ಟೇ, ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಲು ಬಂದರೂ ಅಷ್ಟೇ. ಇದನ್ನು ಮೊದಲು ಕಂಡುಕೊಂಡವನು ಟಣ್‌ಟಣ್. ಬರುತ್ತಿರುವುದು ನಾನೇ, ಬೇರೆ ಯಾರೂ ಅಲ್ಲ ಎಂದು ಅವರಿಗೆ ತಿಳಿಯಲಿ ಎಂದು ಮೂಲೆಯಿಂದಲೇ ಸಿಲಿಂಡರ್ ಬಾರಿಸುವುದನ್ನು ಶುರು ಮಾಡಿದ್ದೇ ಆಗ. ಅಷ್ಟಕ್ಕೇ ಬಿಡಲಿಲ್ಲ. ಮನೆಮನೆಗೆ ಹೋಗಿ ಎಲ್ಲರಿಗೂ ಪಾಠ ಮಾಡಿದ: ದೊಡ್ಡಮ್ಮನ ಬಾಗಿಲು ತಟ್ಟುವ ಮೊದಲು ಗೇಟಿನಲ್ಲಿ ನಿಂತು "ಸುಮ್ನೆ ಬಂದೆ" ಎಂದು ಕೂಗಬೇಕು. ಬೀದಿಗೆ ಅದೇ ರೂಢಿಯಾಯಿತು. ಅವರ ನಲ್ಲಿ ರಿಪೇರಿಗೆ ಹೋದವರು, ಪಿಂಚಣಿ ಕಚೇರಿಗೆ ಜೊತೆಗೆ ಕರೆದೊಯ್ಯಲು ಹೋದವರು, ಎಲ್ಲರೂ ಕೂಗುವವರೇ. ಕೊರಿಯರಿನವನಂತೂ "ಸುಮ್ನೆ ಬಂದೆ, ಪಾರ್ಸೆಲ್ ಇದೆ" ಎಂದು ಕೂಗಿ ನಗೆಪಾಟಲಾದ. ಆದರೂ ಕೂಗುವುದನ್ನು ಬಿಡಲಿಲ್ಲ.

ಈ ವರ್ಷ ಬೀದಿಯವರೆಲ್ಲ ಸೇರಿ ಕೂಡುರಸ್ತೆಯಲ್ಲಿ ಆ ಹುಡುಗನ ಹೆಸರಿನ ಕಲ್ಲು ನಿಲ್ಲಿಸಿದೆವು. ಅದಕ್ಕೆ ಮುಸುಕು ಹೊಲಿದವಳು ನಾನು. ಮುಂದಾಳು ನಮ್ಮ ನಿವೃತ್ತ ಮೇಷ್ಟ್ರು. ಅವರಿಗೆ ಒಂದು ಯೋಚನೆ ಹೊಳೆಯಿತು. ಹುಡುಗನ ತುಕಡಿಯ ಅಧಿಕಾರಿಗಳೇ ಬರುತ್ತಾರೆ. ಅವರು ನೇರ ದೊಡ್ಡಮ್ಮನ ಮನೆಗೆ ಹೋಗಿ, ಗೌರವದಿಂದ ಜೀಪಿನಲ್ಲಿ ಕೂರಿಸಿಕೊಂಡು ಕಲ್ಲಿನ ಹತ್ತಿರ ಕರೆತರಲಿ. "ಅವರಿಗೆ ಮೊದಲೇ ಹೇಳಬೇಡಿ. ಬಾಗಿಲು ತೆಗೆದಾಗ ಎಷ್ಟು ಸಂತೋಷ ಆಗುತ್ತೆ ನೋಡಿ" ಎಂದರು ಮೇಷ್ಟ್ರು. ನಾವೆಲ್ಲ ತಲೆಯಾಡಿಸಿದೆವು. ಟಣ್‌ಟಣ್ ಎಲ್ಲರಿಗಿಂತ ಜೋರಾಗಿ ಆಡಿಸಿದ. ಮಗಳು ಗಡಿಯ ಕಡೆಗೆ ವರ್ಗವಾಗಿ ಆ ವಾರ ಫೋನೇ ಮಾಡಿರಲಿಲ್ಲ ಎಂಬುದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಒಬ್ಬರ ತಲೆಗೂ ಹೋಗಲಿಲ್ಲವಲ್ಲ, ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಕಲ್ಲಿನ ಮುಸುಕು ತೆಗೆಯುವ ಆ ಭಾನುವಾರ ಬೆಳಿಗ್ಗೆ ನಾನು ಕೂಡುರಸ್ತೆಯ ನನ್ನ ಅಂಗಡಿಯಲ್ಲಿ ಅದರ ಅಂಚು ಮಡಿಸುತ್ತಾ ಕೂತಿದ್ದೆ. ಟಣ್‌ಟಣ್‌ಗೆ ರಜೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅಭ್ಯಾಸಬಲದಿಂದ ಸ್ಪ್ಯಾನರನ್ನು ಜೇಬಿನಲ್ಲಿ ತುರುಕಿಕೊಂಡು, ಒಳಗೂ ಹೊರಗೂ ಅಲೆಯುತ್ತಿದ್ದ. ಕೂಡುರಸ್ತೆಯಲ್ಲಿ ಜೀಪು ಬಂದು ನಿಂತಿತು. ಚಾಲಕ ತಲೆ ಹೊರಹಾಕಿ, ಬಾಗಿಲಲ್ಲಿ ನಿಂತಿದ್ದ ಇವನನ್ನೇ ಅದೇ ಹೆಸರು ಹೇಳಿ ಕೇಳಿದ, "ಅವರ ಅಮ್ಮನ ಮನೆ ಯಾವುದು?"

ಇವನ ಮುಖ ನಾನು ನೋಡಿದೆ. ಅವನು ಕೈ ಎತ್ತಿ ಎಡಗಡೆಯ ಓಣಿ ತೋರಿಸಿದ. "ಆ ಕಡೆ ಸಾರ್. ಸೀದಾ ಹೋಗಿ. ಇನ್ನೂ ಮುಂದೆ ಹೋಗಿ."

ಜೀಪು ಎಡಕ್ಕೆ ತಿರುಗಿತು.

"ಏನೋ ಮಾಡ್ದೆ, ತಲೆ ಕೆಟ್ಟಿದೆಯಾ ನಿಂಗೆ?" ಎಂದೆ.

"ಅಕ್ಕ, ಅವ್ರು ಬಾಗ್ಲು ತೆಗೆದು ಇವ್ರನ್ನ ನೋಡಿದ್ರೆ ಏನಂದ್ಕೋತಾರೆ ಹೇಳು" ಎಂದವನೇ ಓಡಿದ. ಮುಸುಕನ್ನು ಅಲ್ಲೇ ಬಿಸಾಕಿ ನಾನೂ ಹಿಂದೆ ಓಡಿದೆ. ಅಂದು ಬಾರಿಸಲು ಅವನ ಬಳಿ ಸಿಲಿಂಡರ್ ಇರಲಿಲ್ಲ. ದೀಪದ ಕಂಬ, ಗೇಟು, ನಿಂತ ಕಾರಿನ ಪಕ್ಕದ ಕಬ್ಬಿಣದ ಸರಳು, ಕಂಡ ಕಂಡದ್ದನ್ನೆಲ್ಲ ಬಾರಿಸುತ್ತಾ ಓಡಿದ. ಜನ ಕಿಟಕಿ ತೆರೆದು ಬೈದರು.

ನಾವು ತಲುಪುವಷ್ಟರಲ್ಲಿ ಓಣಿ ಸುತ್ತಿ ಬಂದ ಜೀಪು ಹಸಿರು ಬಾಗಿಲಿನ ಮುಂದೆ ನಿಂತಾಗಿತ್ತು. ಕಿಟಕಿಯ ಪರದೆ ಅಲುಗಿತು. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು.

"ಇವ್ನೇ ಸಾರ್ ನಮ್ಮನ್ನ ಊರೆಲ್ಲ ಸುತ್ತಿಸಿದ್ದು, ಬೇಕಂತಲೇ ತಪ್ಪು ದಾರಿ ತೋರಿಸ್ದ" ಎಂದು ಚಾಲಕ ಗಟ್ಟಿಯಾಗಿ ದೂರಿದ. ನರೆತ ಮೀಸೆಯ ಅಧಿಕಾರಿ ಏನೂ ಅರ್ಥವಾಗದೆ ನಿಂತಿದ್ದರು. ಟಣ್‌ಟಣ್ ಅವರನ್ನು ದಾಟಿ ಬಾಗಿಲಿಗೆ ಹೋದ.

"ದೊಡ್ಡಮ್ಮ, ನಾನು."

"ಹೋಗೋಕೆ ಹೇಳು ಅವ್ರಿಗೆ. ನಾನು ಮನೇಲಿಲ್ಲ ಅನ್ನು." ದನಿ ಬಾಗಿಲಿಗೆ ಅಂಟಿಕೊಂಡೇ ಬರುತ್ತಿತ್ತು. "ನಾನು ಬಾಗ್ಲು ತೆಗೆಯಲ್ಲ. ತೆಗೆಯೋ ತನಕ ನನ್ನ ಮಗಳು ಇರ್ತಾಳೆ."

"ಅಯ್ಯೋ ಹಂಗಲ್ಲಮ್ಮ. ಇವ್ರು ಸುಮ್ನೆ ಬಂದಿರೋದು. ಕೂಡುರಸ್ತೇಲಿ ಅಣ್ಣನ ಹೆಸರಿನ ಕಲ್ಲು ಹಾಕಿದ್ದೀವಿ, ಅದಕ್ಕೆ ನಿಮ್ಮನ್ನ ಕರ್ಕೊಂಡು ಹೋಗೋಕೆ. ನನ್ನಾಣೆ."

"ಅವತ್ತು ಒಳ್ಳೇ ಸುದ್ದಿ ಅಂದೋನೂ ನೀನೇ ಅಲ್ವೇನೋ?"

ಟಣ್‌ಟಣ್ ಮೆಟ್ಟಿಲ ಮೇಲೆ ಕುಸಿದು ಕೂತ. ಕಾಲು ಕುಣಿಯಲಿಲ್ಲ, ಕೈ ಆಡಲಿಲ್ಲ. ಅವನು ಹಾಗೆ ಕೂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸಂಕಟವಾಯಿತು, ಮೇಷ್ಟ್ರ ಮೇಲೆ ಸಿಟ್ಟೂ ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಅಧಿಕಾರಿಯ ಹತ್ತಿರ ಹೋಗಿ ಬೀದಿಯ ರೂಢಿಯನ್ನು ಗಡಿಬಿಡಿಯಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಟೋಪಿ ತೆಗೆದು ಚಾಲಕನ ಕೈಗೆ ಕೊಟ್ಟರು, ತಿರುಗಿ ಗೇಟಿನ ಹೊರಗೆ ಹೋಗಿ ನಿಂತರು.

"ಅಮ್ಮಾ," ಎಂದು ಕೂಗಿದರು, "ಸುಮ್ನೆ ಬಂದ್ವಿ. ನಾವು ಯಾವ ಸುದ್ದೀನೂ ತಂದಿಲ್ಲ."

ಅಗುಳಿ ಸರಿಯಲು ತುಂಬ ಹೊತ್ತು ಹಿಡಿಯಿತು. ದೊಡ್ಡಮ್ಮ ಒಂದು ಕೈಯಲ್ಲಿ ಫೋನು ಹಿಡಿದು ಹೊರಗೆ ಬಂದರು. ಅಧಿಕಾರಿಯ ಕಡೆ ನೋಡಲಿಲ್ಲ. ಮೆಟ್ಟಿಲ ಮೇಲೆ ಟಣ್‌ಟಣ್ ಪಕ್ಕದಲ್ಲೇ ಕೂತು, ಅವನ ತೋಳು ಹಿಡಿದರು.

"ಇವತ್ತು ಇವ್ರಿಗೆ ತಪ್ಪು ದಾರಿ ತೋರಿಸ್ದೆಯಂತೆ?"

ಅವನು ತಲೆಯಾಡಿಸಿದ.

"ಅವತ್ತೂ ತಪ್ಪು ದಾರೀನೇ ತೋರಿಸ್ಬಾರ್ದಿತ್ತೇನೋ?"

ಅವನು ಬಿಕ್ಕಿ ಬಿಕ್ಕಿ ಅತ್ತ. ಅವರು ಕೈ ಬಿಡಲಿಲ್ಲ, ಅವನ ಬೆನ್ನು ಸವರುತ್ತಾ ಕೂತರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಅವನನ್ನೂ ಎಬ್ಬಿಸಿದರು. ಜೀಪು ಬೇಡ, ನಡೆದೇ ಬರುತ್ತೇನೆ ಎಂದರು. ಟಣ್‌ಟಣ್ ಸ್ಪ್ಯಾನರನ್ನು ಮೆಟ್ಟಿಲ ಮೇಲೆಯೇ ಬಿಟ್ಟು ಹೊರಟ. ನಾನೇ ಅದನ್ನು ಎತ್ತಿಕೊಂಡು, ಕೂಡುರಸ್ತೆಯ ತನಕ ಕಂಬ ಕಂಬಕ್ಕೂ ಬಾರಿಸುತ್ತಾ ಅವರಿಬ್ಬರ ಮುಂದೆ ನಡೆದೆ.