ಟವರಮ್ಮ ಗಂಡನನ್ನು ಒತ್ತೆಯಿಟ್ಟ ದಿನ

ಆ ಬೀದಿಯಲ್ಲಿ ಕ್ಷೌರದಂಗಡಿಯವರ ಹೆಂಡತಿಯನ್ನು ಹೆಸರು ಹಿಡಿದು ಕರೆಯುವವರಿಲ್ಲ. ಹಾಲಿನವನಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರಿಗೂ ಅವರು ಟವರಮ್ಮ. ಒಂದು ಬೇಸಿಗೆಯಲ್ಲಿ ಕುಟುಂಬ ರಾಜಧಾನಿ ನೋಡಿಬಂದ ಮೇಲೆ ಅಂಟಿಕೊಂಡ ಹೆಸರು ಅದು.

ಅದಕ್ಕೆ ಮೊದಲಿನ ಅವರ ಬದುಕು ಬಹುಮಟ್ಟಿಗೆ ಅಂಗಡಿಯಲ್ಲೇ ಕಳೆದಿತ್ತು. ಟವೆಲ್ ಒಗೆಯುವುದು, ನೀರು ಕಾಯಿಸುವುದು, ಕುರ್ಚಿಯ ಸುತ್ತ ಬಿದ್ದ ಕೂದಲು ಗುಡಿಸುವುದು ಅವರ ಪಾಲಿನ ಕೆಲಸ. ಕನ್ನಡಿಯ ಎದುರುಗೋಡೆಯಲ್ಲಿ ರಾಜಧಾನಿಯ ಎತ್ತರದ ಟವರಿನ ಚಿತ್ರವಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ವರ್ಷಗಳು ಉರುಳಿದರೂ ಅದನ್ನು ತೆಗೆಯಲು ಅವರು ಬಿಡಲಿಲ್ಲ. "ಮುಂದಿನ ಬೇಸಿಗೇಲಿ ಅದರ ತುದಿಗೇ ಹತ್ತಿಸ್ತೀನಿ" ಎಂದು ಮದುವೆಯಾದ ಹೊಸತರಲ್ಲಿ ಗಂಡ ಕೊಟ್ಟ ಮಾತು, ಮಗಳು ಶಾಲೆಗೆ ಹೋಗತೊಡಗಿದ ಮೇಲೂ ಮುಂದಿನ ಬೇಸಿಗೆಯಲ್ಲೇ ಉಳಿದಿತ್ತು.

ಕೊನೆಗೂ ಗಂಡ, ಹೆಂಡತಿ, ಮಗಳು, ಗಂಡನ ತಾಯಿ ನಾಲ್ವರೂ ಹೊರಟರು. ಬೆಳಗಿನ ರೈಲಿಗೆ ಹೋಗಿ ರಾತ್ರಿಯ ರೈಲಿಗೆ ಮರಳಬೇಕು; ಟವರಿನ ಲಿಫ್ಟ್ ಸಂಜೆ ಆರಕ್ಕೆ ನಿಲ್ಲುತ್ತದೆ. ಟವರಮ್ಮ ಇದನ್ನೆಲ್ಲ ಮೊದಲೇ ವಿಚಾರಿಸಿಕೊಂಡಿದ್ದರು. ವಿಚಾರಿಸದೆ ಬಿಟ್ಟದ್ದು ಗಂಡನ ಕಣ್ಣನ್ನು ಮಾತ್ರ. ದಿನವಿಡೀ ತಲೆಗಳನ್ನೇ ನೋಡಿ ಪಳಗಿದ ಆ ಕಣ್ಣಿಗೆ ಅರಮನೆಯ ಕಂಬಗಳು ಕಾಣಿಸಲಿಲ್ಲ, ಚಿತ್ರಪಟದ ರಾಜನ ಮೀಸೆ ಕಾಣಿಸಿತು.

"ರೀ, ಹೊತ್ತಾಯ್ತು, ನಡೀರಿ."

"ತಾಳೇ. ಎರಡೂ ಕಡೆ ಸಮ ಇಲ್ಲ."

"ಅವನು ಸತ್ತು ಯಾವ ಕಾಲವಾಯ್ತೋ! ಈಗ ಸಮ ಮಾಡಿಸ್ಕೊಂಡು ಹೆಣ್ಣು ನೋಡೋಕೆ ಹೋಗ್ಬೇಕಾ?"

ಮಧ್ಯಾಹ್ನದ ಬಿಸಿಲಿಗೆ ಬೆಂದ ಅತ್ತೆ, ಒಳಗೆ ತಂಪಿದೆಯೆಂದು ಎಲ್ಲರನ್ನೂ ವಸ್ತುಸಂಗ್ರಹಾಲಯಕ್ಕೆ ಎಳೆದೊಯ್ದರು. ಅಲ್ಲೊಬ್ಬ ಮೇಣದ ಸೇನಾಪತಿ ಟೋಪಿ ತೊಟ್ಟು, ಕತ್ತಿ ಹಿಡಿದು ನಿಂತಿದ್ದ. ತಲೆಗೆ ಅಂಟಿಸಿದ್ದದ್ದು ನಿಜವಾದ ಕೂದಲು. ಎಡಗಿವಿಯ ಮುಂದಿನ ಕೂದಲು ಬಲಗಡೆಯದಕ್ಕಿಂತ ಒಂದು ಬೆರಳು ಇಳಿದಿತ್ತು. ಗಂಡನ ಕೈ ಜೇಬಿಗೆ ಇಳಿಯಿತು. ಮದುವೆಯ ದಿನವೂ ಜೇಬಿನಲ್ಲಿದ್ದ ಸಣ್ಣ ಕತ್ತರಿ ಅಂದೂ ಇತ್ತು.

"ಬೇಡ ರೀ" ಎಂಬ ಮಾತು ಮುಗಿಯುವ ಮೊದಲೇ ಕಚಕ್ಕೆಂದಿತು. ಗಂಡ ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, ಸೇನಾಪತಿಯ ಕುತ್ತಿಗೆಗೆ ಉಫ್ ಎಂದು ಊದಿ, ಅಭ್ಯಾಸಬಲದಿಂದ ಹೇಳಿದರು: "ಆಯ್ತು ಸಾರ್, ನೋಡ್ಕೊಳ್ಳಿ."

ನೋಡಿಕೊಂಡವನು ಕಾವಲುಗಾರ. ಹೊರಗೆ ಹೋಗಿದ್ದ ಮೇಲಧಿಕಾರಿ ಬಂದು ತೀರ್ಮಾನಿಸುವವರೆಗೆ ಕದಲಕೂಡದೆಂದು ಅವರನ್ನು ಕಚೇರಿಯ ಬೆಂಚಿನ ಮೇಲೆ ಕೂರಿಸಿದ. ಗೋಡೆಯ ಗಡಿಯಾರ ಐದು ದಾಟಿತು. ಮೇಲಧಿಕಾರಿಯ ಸುಳಿವಿಲ್ಲ. ಟವರಮ್ಮ ಎದ್ದುನಿಂತರು.

"ಅಣ್ಣಾ, ನಾವೆಲ್ಲ ಇರ್ಬೇಕಾ, ಇವರೊಬ್ಬರಿದ್ರೆ ಸಾಕಾ?"

"ಕತ್ತರಿಸಿದವರು ಇದ್ರೆ ಸಾಕಮ್ಮ."

"ಹಾಗಾದ್ರೆ ಇಟ್ಕೊಂಡಿರಿ. ವಾಪಸ್ ಬರ್ತಾ ಬಿಡಿಸ್ಕೊಂಡು ಹೋಗ್ತೀವಿ."

ಗಂಡ ಕಂಗಾಲಾಗಿ ತಾಯಿಯತ್ತ ನೋಡಿದರು. "ಅಮ್ಮಾ, ನೀನಾದ್ರೂ ಜೊತೆಗೆ ಕೂತ್ಕೋ."

"ಯಾಕಪ್ಪಾ? ನಾನೇನು ಕತ್ತರಿ ಹಿಡಿದಿದ್ನಾ?" ಎಂದ ಅತ್ತೆ, ಬೆಳಗಿನಿಂದ ನೋಯುತ್ತಿದ್ದ ಕಾಲನ್ನು ಮರೆತು ಸೊಸೆಗಿಂತ ಮೊದಲೇ ಬಾಗಿಲು ದಾಟಿದ್ದರು.

ಅಂದಿನ ಕೊನೆಯ ಲಿಫ್ಟ್ ಅವರಿಗೆ ಸಿಕ್ಕಿತು. ಇತ್ತ ಮೇಲಧಿಕಾರಿ ಬಂದು ಸೇನಾಪತಿಯನ್ನು ಸುತ್ತಿ ನೋಡಿ, ಅವನ ಟೋಪಿಯನ್ನು ಕಿವಿ ಮುಚ್ಚುವಷ್ಟು ಕೆಳಗೆಳೆದು, ಕತ್ತರಿಯನ್ನು ಕಿತ್ತುಕೊಂಡು, ಗಂಡನನ್ನು ಗದರಿಸಿ ಕಳುಹಿಸಿಬಿಟ್ಟರು.

ಇಲ್ಲಿಯವರೆಗಿನ ಸಂಗತಿಗಳನ್ನು ಗಂಡಹೆಂಡತಿಯರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದಾಗಲೂ ವ್ಯತ್ಯಾಸ ಕಾಣಲಿಲ್ಲ. ಟವರಿನ ಮೇಲಿನ ಸಂಗತಿಗಳಿಗೆ ಆ ಭದ್ರತೆಯಿಲ್ಲ. ಅತ್ತೆ ತುದಿ ತಲುಪಿದವರೇ ಕಣ್ಣು ಮುಚ್ಚಿಕೊಂಡರು. ಮಗಳು ಎಂದಿಗೂ ತಾಯಿಯ ಪಕ್ಷ. ಹೀಗಾಗಿ ಟವರಮ್ಮ ಹೇಳಿದ್ದೇ ಹೇಳಿದ್ದು, ಅದೂ ಪ್ರತಿ ಗಿರಾಕಿಗೂ ಹೊಸದಾಗಿ. ಮೊದಲ ವರ್ಷ ಮೇಲಿನಿಂದ ರೈಲು ನಿಲ್ದಾಣ ಕಾಣುತ್ತಿತ್ತು. ಕೆಲವು ವರ್ಷಗಳಲ್ಲಿ ದೇಶದ ಅಧ್ಯಕ್ಷರ ಮನೆಯ ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆ ಕಾಣತೊಡಗಿತು. ಈಗ ಸಮುದ್ರವೂ ಬಂದಿದೆ. ಭೂಪಟದಲ್ಲಿ ಆ ನಗರದ ಆಸುಪಾಸಿನಲ್ಲೆಲ್ಲೂ ಸಮುದ್ರವಿಲ್ಲ.

ಇದನ್ನು ಪ್ರಸ್ತಾಪಿಸಿದಾಗ ಗಂಡ ಗಿರಾಕಿಯ ಕಿವಿ ಮಡಚಿ ಹಿಡಿದು, ತಲೆಯೆತ್ತದೆ ನುಡಿದರು: "ಇದ್ರೂ ಇರ್ಬಹುದು ಸ್ವಾಮಿ. ನಾನು ನೋಡಿಲ್ವಲ್ಲ."

ಒಳಕೋಣೆಯಿಂದ ಟವರಮ್ಮನ ದನಿ ಕೇಳಿಸಿತು: "ಹಡಗೂ ಇತ್ತು ಅಂತ ಹೇಳ್ರೀ!"