ಅಹಲ್ಯಾ ಡಾಕ್ಟರ ನಾಲ್ಕು ಕೋವಿಗಳು

ಡಾಕ್ಟರ್ ಅಹಲ್ಯಾ ಅರಸ್ ಅಡಿಲೇಡಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯೆಯಾಗಿದ್ದರು. ಎತ್ತರ ಐದಡಿ ಒಂದಿಂಚು. ಆಪರೇಷನ್ ಥಿಯೇಟರಿನ ಟೇಬಲ್ಲು, ಕಪಾಟು, ಸಲೈನ್ ತೂಗುಹಾಕುವ ಕಂಬ ಎಲ್ಲವೂ ಆರಡಿ ಗಂಡಸರಿಗಾಗಿ ಮಾಡಿದಂಥವು. ಒಂದು ಸಣ್ಣ ಮೆಟ್ಟುಮಣೆ ಹಾಕಿಕೊಂಡು ಅದರ ಮೇಲೆ ನಿಂತು ಕೆಲಸ ಮಾಡುತ್ತಿದ್ದರು. ಗಂಡ ರಾಜಗೋಪಾಲ ಮಕ್ಕಳ ಡಾಕ್ಟರು, ಮೇಲುಕೋಟೆಯ ಕಡೆಯ ಅಯ್ಯಂಗಾರರು. ಮೈಸೂರಿನಲ್ಲಿ ಓದುವಾಗ ಪ್ರೀತಿಸಿ, ಎರಡೂ ಮನೆಯವರ ಮುನಿಸು ಕಟ್ಟಿಕೊಂಡು ಮದುವೆಯಾದವರು. ಮೊದಲು ಪರ್ತ್‌ನಲ್ಲಿ ನಾಲ್ಕು ವರ್ಷ ಇದ್ದು, 1979ರಲ್ಲಿ ಮಗಳು ಮೈತ್ರೇಯಿಯೊಂದಿಗೆ ಅಡಿಲೇಡಿಗೆ ಬಂದರು.

ಅಹಲ್ಯಾ ಅವರ ತಂದೆ ಲಿಂಗರಾಜೇ ಅರಸರು ಹುಣಸೂರಿನ ಕಡೆ ಹೆಸರಾದ ಬೇಟೆಗಾರರು. ಚಳಿಗಾಲದಲ್ಲಿ ಕೆರೆಗೆ ಬಾತುಕೋಳಿಗಳು ಇಳಿದಾಗ ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು. ಹನ್ನೆರಡನೆಯ ವಯಸ್ಸಿಗೇ ಆಕೆ ಹದಿನಾರು ಬೋರಿನ ಜೋಡುನಳಿಗೆ ಕೋವಿ ಹಿಡಿದವರು. ಕಾಲೇಜು ಸೇರಿದ ಮೇಲೆ ಅದೆಲ್ಲ ನಿಂತುಹೋಯಿತು.

1981ರ ಜನವರಿಯಲ್ಲಿ ಒಂದು ದಿನ ಕಾಲಿನ್ ಎಂಬ ಸರ್ಜನ್ ಹೊಲಿಗೆ ಹಾಕುತ್ತ, ಫೆಬ್ರವರಿಯಲ್ಲಿ ಶುರುವಾಗುವ ಬಾತುಕೋಳಿ ಬೇಟೆಯ ಬಗ್ಗೆ ಒಂದೇಸಮನೆ ಮಾತಾಡುತ್ತಿದ್ದ. ರೋಗಿಯ ತಲೆಯ ಬಳಿಯಿಂದ ಅಹಲ್ಯಾ, "ಚಿಕ್ಕವಳಿದ್ದಾಗ ನಾನೂ ಹೊಡೆಯುತ್ತಿದ್ದೆ" ಎಂದರು. ಎಲ್ಲರೂ ನಕ್ಕರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಕಾಲಿನ್, "ಹಾಗಾದರೆ ಈ ಸಲ ನಮ್ಮ ಜೊತೆ ಬನ್ನಿ, ನೋಡೋಣ" ಎಂದ. ಆ 'ನೋಡೋಣ' ಅಹಲ್ಯಾ ಅವರಿಗೆ ಚುಚ್ಚಿತು.

ಪರವಾನಗಿಯ ಕೆಲಸ ಮುಗಿಸಿ ಶನಿವಾರ ಗಂಡನ ಜೊತೆ ಕೋವಿ ಅಂಗಡಿಗೆ ಹೋದರು. ಅಂಗಡಿಯವನು ರಾಜಗೋಪಾಲರ ಕಡೆ ತಿರುಗಿ, "ನಿಮ್ಮ ಮಿಸೆಸ್‌ಗೆ ಎಂಥದ್ದು ಬೇಕು?" ಎಂದ.

ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ರಾಜಗೋಪಾಲರು ಗಾಬರಿಯಾಗಿ, "ನನ್ನನ್ನ ಕೇಳಬೇಡಿ, ಇದರ ವಿಷಯ ಗೊತ್ತಿರೋದು ಅವಳಿಗೆ" ಎಂದರು.

"ಹದಿನಾರು ಬೋರಿನದು ಇದೆಯಾ?" ಎಂದರು ಅಹಲ್ಯಾ.

"ಅದಕ್ಕೆ ಈಗ ತೋಟಾ ಸಿಗೋದೇ ಕಷ್ಟ" ಎಂದು ಅವನು ಮತ್ತೆ ರಾಜಗೋಪಾಲರಿಗೇ ಹೇಳಿದ. "ಹೆಂಗಸರಿಗೆ ಫೋರ್-ಟೆನ್ ಸರಿ. ಹಗುರ. ಒದೆಯೋದಿಲ್ಲ."

ಫೋರ್-ಟೆನ್ ಎಂದರೆ ತೋಟಾಕೋವಿಗಳಲ್ಲೇ ಸಣ್ಣ ನಳಿಗೆಯದು. ಬೋರಿನ ಲೆಕ್ಕ ಉಲ್ಟಾ: ಹನ್ನೆರಡರದ್ದು ದೊಡ್ಡ ನಳಿಗೆ, ಹದಿನಾರರದ್ದು ಅದಕ್ಕಿಂತ ಸಣ್ಣದು, ಇಪ್ಪತ್ತರದ್ದು ಇನ್ನೂ ಸಣ್ಣದು. ಫೋರ್-ಟೆನ್ ಅದೆಲ್ಲದರ ಕೆಳಗೆ. ನಳಿಗೆ ಕಿರಿದಾದಷ್ಟೂ ತೋಟಾದಲ್ಲಿ ಹಿಡಿಯುವ ಸೀಸದ ಚರೆಗಳು ಕಡಿಮೆ. ಇದೆಲ್ಲ ಅಹಲ್ಯಾ ಅವರಿಗೆ ಗೊತ್ತಿತ್ತು. ಆದರೆ ಕೋವಿ ಮುಟ್ಟಿ ಇಪ್ಪತ್ತು ವರ್ಷವಾಗಿತ್ತು. ಅಂಗಡಿಯಲ್ಲಿದ್ದ ನಾಲ್ಕೈದು ಜನ ಗಂಡಸರೂ ತಲೆಯಾಡಿಸುತ್ತಿದ್ದರು. ವಾದ ಮಾಡದೆ ಅದನ್ನೇ ತಂದರು. ಆಮೇಲೆ ಎಷ್ಟೋ ದಿನ ಈ ಒಂದು ಸಂಗತಿಗೆ ತಮ್ಮ ಮೇಲೆಯೇ ಸಿಡುಕಿಕೊಂಡರು.

ಬೇಟೆಯ ಜಾಗ ಮರ್ರೆ ನದಿಯ ಕೆಳಭಾಗದಲ್ಲಿ ಜೊಂಡು ಬೆಳೆದ ಒಂದು ಹಿನ್ನೀರು. ಬೆಳಕು ಹರಿಯುತ್ತಿದ್ದಂತೆ ಸಣ್ಣ ಬೂದು ಬಾತುಗಳ ಹಿಂಡು ಬಂತು. ಅಹಲ್ಯಾ ಹೊಡೆದರು. ಒಂದು ಹಕ್ಕಿ ತೂರಾಡಿ ಜೊಂಡಿನೊಳಗೆ ಬಿತ್ತು. ಸೊಂಟದ ತನಕ ನೀರಿನಲ್ಲಿ ಒಂದು ಗಂಟೆ ಹುಡುಕಿದರೂ ಸಿಗಲಿಲ್ಲ. ಎರಡನೆಯದು ಜೀವಂತ ಬಿತ್ತು, ಕತ್ತು ತಿರುವಬೇಕಾಯಿತು. ಮನೆಗೆ ತಂದು ಪುಕ್ಕ ಕಿತ್ತು ನೋಡಿದರೆ ಮೈಯಲ್ಲಿ ಎರಡೇ ಚರೆ: ಒಂದು ರೆಕ್ಕೆಯಲ್ಲಿ, ಇನ್ನೊಂದು ಕರುಳಿನಲ್ಲಿ.

ಸೋಮವಾರ ಕಾಲಿನ್‌ಗೆ ಹೇಳಿದರೆ ಅವನು ಭುಜ ಕುಣಿಸಿದ. "ಹಾಗಾಗುತ್ತೆ."

"ಹಾಗಾಗಬಾರದು. ಅರ್ಧ ಡೋಸ್ ಕೊಟ್ಟು ನಿಮ್ಮ ಕೈಗೆ ರೋಗಿಯನ್ನ ಒಪ್ಪಿಸಿದರೆ ನೀವು ಸುಮ್ಮನಿರ್ತೀರಾ?" ಎಂದರು ಅಹಲ್ಯಾ. ಕಾಲಿನ್ ಕೈಗವಸು ಹಾಕಿಕೊಂಡ.

ಅಂಗಡಿಯವನಿಗೆ ದೂರಿದಾಗ ಅವನು ಅದೇ ನಗುವಿನಲ್ಲಿ ಇನ್ನೊಂದು ಕೋವಿ ತೆಗೆದ. ಇಪ್ಪತ್ತು ಬೋರಿನದು, ಹೂವಿನಷ್ಟು ಹಗುರ. ಜೊತೆಗೆ ಮೂರಿಂಚು ಉದ್ದದ ಮ್ಯಾಗ್ನಮ್ ತೋಟಾಗಳು. "ಇದರಲ್ಲಿ ಸೀಸ ಜಾಸ್ತಿ. ಇನ್ನು ಚಿಂತೆ ಬೇಡ." ಹಗುರ ಕೋವಿಗೆ ಭಾರದ ತೋಟಾ ಹಾಕಿದರೆ ಏನಾಗುತ್ತದೆಂದು ಅವನು ಹೇಳಲಿಲ್ಲ. ಮಣ್ಣಿನ ಬಿಲ್ಲೆ ಹಾರಿಸಿ ಗುರಿ ಕಲಿಸುವ ಕ್ಲಬ್ಬಿನಲ್ಲಿ ಮೂವತ್ತು ತೋಟಾ ಹೊಡೆಯುವಷ್ಟರಲ್ಲಿ ಅಹಲ್ಯಾ ಅವರ ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅದಕ್ಕಿಂತ ಕೆಟ್ಟದ್ದೆಂದರೆ, ಬೆರಳು ಕೋವಿಯ ಕುದುರೆಯನ್ನು ಎಳೆಯುವ ಮೊದಲೇ ಕಣ್ಣು ತಾನಾಗಿ ಮುಚ್ಚತೊಡಗಿತು. ಬಿಲ್ಲೆಗಳು ಒಂದೊಂದಾಗಿ ಇಡಿಯಾಗಿ ನೆಲಕ್ಕಿಳಿದವು.

ಮುಲಾಮು ಹಚ್ಚುತ್ತ ರಾಜಗೋಪಾಲರು, "ಸಾಕು ಬಿಡು ಅಹಲ್ಯಾ. ಯಾರ ಮುಂದೆ ಏನನ್ನ ತೋರಿಸ್ಬೇಕು ಅಂತ ಇದೆಲ್ಲ?" ಎಂದರು.

"ತೋರಿಸೋಕಲ್ಲ ರೀ. ನಂಗೆ ಚೆನ್ನಾಗಿ ಬರ್ತಿತ್ತು. ಅಪ್ಪಾಜಿ ಒಂದು ಹಕ್ಕೀನೂ ನರಳೋಕೆ ಬಿಡ್ತಿರ್ಲಿಲ್ಲ. ನಾನೂ ಬಿಟ್ಟಿರ್ಲಿಲ್ಲ. ಈಗ ಒಂದನ್ನ ನರಳಿಸಿ ಬಂದ್ಬಿಟ್ಟೆ. ಅಲ್ಲಿಗೇ ಬಿಡೋಕೆ ಮನಸ್ಸು ಒಪ್ತಿಲ್ಲ."

"ನೀನು ಬಿಟ್ರೆ ಮಿಕ್ಕಿದ್ದಾದ್ರೂ ಬದುಕ್ಕೊಳ್ತಾವೆ."

ಅಹಲ್ಯಾ ಸೆರಗೆಳೆದುಕೊಂಡು ಎದ್ದು ಹೋದರು. ಎರಡು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು.

ಮಾರ್ಚಿನಲ್ಲಿ ಕಾಲಿನ್ ತನ್ನ ಹನ್ನೆರಡು ಬೋರಿನ ಕೋವಿ ಎರವಲು ಕೊಟ್ಟ. ಜೊತೆಗೆ ಎರಡನೆ ನಂಬರಿನ ತೋಟಾಗಳು. ಚರೆಯ ನಂಬರಿನ ಲೆಕ್ಕವೂ ಬೋರಿನ ಹಾಗೇ ಉಲ್ಟಾ. ನಂಬರು ಸಣ್ಣದಾದಷ್ಟೂ ಚರೆ ದಪ್ಪ. "ಒಂದು ತಾಗಿದರೆ ಸಾಕು, ಬೀಳಲೇಬೇಕು" ಎಂದ. ಆ ದಿನದ ಬೇಟೆಯಲ್ಲಿ ಅಹಲ್ಯಾ ಹದಿನೆಂಟು ತೋಟಾ ಸುಟ್ಟರು. ಎರಡು ಗರಿ ಉದುರಿದವು, ಹಕ್ಕಿ ಬೀಳಲಿಲ್ಲ. ಕೋವಿಯ ಮರದ ಬುಡ ಆರಡಿಯ ಕಾಲಿನ್‌ನ ತೋಳಿಗೆ ಮಾಡಿಸಿದ್ದು. ಎತ್ತಿದಾಗಲೆಲ್ಲ ಅದು ಕೋಟಿನ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಂಡು ಭುಜಕ್ಕೆ ಒತ್ತುವಷ್ಟರಲ್ಲಿ ಹಕ್ಕಿ ದಾಟಿಹೋಗಿರುತ್ತಿತ್ತು. ಜೊಂಡಿನ ಮರೆಯಿಂದ ಯಾರೋ, "ಡಾಕ್ಟ್ರೇ, ಕ್ಲೋರೋಫಾರಂ ಎಸೆದು ನೋಡಿ!" ಎಂದು ಕೂಗಿದ. ಹಿನ್ನೀರಿನ ತುಂಬ ನಗು. ವಾಪಸು ಬರುವಾಗ ಕಾರಿನಲ್ಲಿ ಕಾಲಿನ್ ಸಮಾಧಾನ ಹೇಳಹೊರಟ. ಅಹಲ್ಯಾ ಕಿಟಕಿಯಾಚೆ ನೋಡುತ್ತ ಕುಳಿತರು. ಅಳು ಬರುವಷ್ಟು ಕೋಪ ಬಂದಿತ್ತು.

ಸುಮ್ಮನೆ ಕೂರುವ ಹೆಂಗಸಲ್ಲ ಆಕೆ. ಆಸ್ಪತ್ರೆಯಲ್ಲಿ ಹೊಸ ಔಷಧಿ ಬಂದರೆ ಕಂಪನಿಯವನ ಮಾತು ನಂಬದೆ ಓದಿ, ತೂಗಿ, ಬರೆದಿಟ್ಟುಕೊಂಡು ನೋಡುವವರು. ಕೋವಿ ವಿಷಯದಲ್ಲಿ ಮಾತ್ರ ಕಂಡವರ ಮಾತು ಕೇಳುತ್ತಿದ್ದೇನಲ್ಲ ಎನಿಸಿತು. ಮಾಂಸದಂಗಡಿಯಿಂದ ಪೊಟ್ಟಣ ಕಟ್ಟುವ ಬಿಳಿ ಕಾಗದದ ಸುರುಳಿ ತಂದರು. ಪರಿಚಯದ ರೈತನೊಬ್ಬನ ಹೊಲದಲ್ಲಿ, ಹಿಂಬದಿಗೆ ಮಣ್ಣಿನ ದಿಬ್ಬವಿರುವ ಕಡೆ ಚೌಕಟ್ಟು ನೆಟ್ಟು ಕಾಗದ ಬಿಗಿದರು. ನಲವತ್ತು ಗಜ ಅಳೆದು ನಿಂತು, ಕಾಲಿನ್‌ನ ಎರವಲು ಕೋವಿಯೂ ಸೇರಿ ಮೂರೂ ಕೋವಿಗಳಿಂದ ಒಂದೊಂದು ಹಾಳೆಗೆ ಒಂದೊಂದು ತೋಟಾ ಹೊಡೆದರು. ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿ, ರಟ್ಟಿನಲ್ಲಿ ಬಾತುಕೋಳಿಯ ಗಾತ್ರದ ಆಕಾರ ಕತ್ತರಿಸಿಕೊಂಡು, ತೂತುಗಳ ಮೇಲೆ ಸರಿಸುತ್ತ ಹೋದರು.

ಹನ್ನೊಂದು ವರ್ಷದ ಮೈತ್ರೇಯಿ ಬಂದು ಇಣುಕಿದಳು. "ವಾಟ್ ಆರ್ ಯು ಡೂಯಿಂಗ್, ಅಮ್ಮಾ?"

"ಈ ಹಕ್ಕಿ ಮೇಲೆ ಎಷ್ಟು ತೂತು ಬೀಳುತ್ತೆ ಎಣಿಸು."

ಮೈತ್ರೇಯಿ ರಟ್ಟಿನ ಹಕ್ಕಿಯನ್ನು ಕಾಲಿನ್‌ನ ಎರಡನೆ ನಂಬರಿನ ಹಾಳೆಯ ಮೇಲೆ ಆಡಿಸಿದಳು. "ಹಿಯರ್, ಝೀರೋ. ಅಂಡ್ ಹಿಯರ್, ಝೀರೋ."

ಆ ಹಾಳೆಯಲ್ಲಿ ಹಕ್ಕಿ ಹಾಯಾಗಿ ಹಾರಿಹೋಗುವಷ್ಟು ಖಾಲಿ ಜಾಗ ಐದು ಕಡೆ ಇತ್ತು. ದಪ್ಪ ಚರೆ ಎಂದರೆ ಎಣಿಕೆಯಲ್ಲಿ ಕಡಿಮೆ ಚರೆ. ಫೋರ್-ಟೆನ್ನಿನ ಹಾಳೆ ಇನ್ನೂ ಬರಿದು. ಅದೇ ಹನ್ನೆರಡು ಬೋರಿನಲ್ಲಿ ಮೂವತ್ತೆರಡು ಗ್ರಾಂ ಚರೆಯ, ನಾಲ್ಕನೆ ನಂಬರಿನ ಸಾಧಾರಣ ತೋಟಾ ಹೊಡೆದ ಹಾಳೆಯಲ್ಲಿ ಮಾತ್ರ ಹಕ್ಕಿಯನ್ನು ಎಲ್ಲಿಟ್ಟರೂ ನಾಲ್ಕೈದು ತೂತು. ಆದರೆ ಅದೂ ನಡುವಿನಿಂದ ಒಂದಡಿ ಎಡಕ್ಕೆ ಬಿದ್ದಿತ್ತು. ಬುಡ ಉದ್ದವಾಗಿ ಕೋವಿ ಸರಿಯಾಗಿ ಕೂರದಿದ್ದುದರ ಫಲ ಅದು. ಭಾರದ ಹನ್ನೆರಡು ಬೋರಿಗೆ ಸಾಧಾರಣ ತೋಟಾ ಹಾಕಿದರೆ ಭುಜಕ್ಕೂ ಅಷ್ಟು ಪೆಟ್ಟಿಲ್ಲ. ಹೆಂಗಸೆಂದು ಹಗುರದ ಕೋವಿ ಕೊಟ್ಟು, ಅದು ಸಾಲದೆ ಹೋದಾಗ ಭಾರದ ತೋಟಾ ಕೊಟ್ಟು, ಎರಡು ಸಲವೂ ತಲೆಕೆಳಗು ಮಾಡಿದ್ದರು.

ಹಾಳೆಗಳ ಸುರುಳಿ ಹಿಡಿದು ಅಂಗಡಿಗೆ ಹೋದರು. ಹಳೆಯ ಹನ್ನೆರಡು ಬೋರಿನ ಜೋಡುನಳಿಗೆಯೊಂದನ್ನು ಆರಿಸಿ, "ಇದರ ಬುಡ ಕತ್ತರಿಸಿ ಕೊಡಿ" ಎಂದರು.

"ಕತ್ತರಿಸಿದರೆ ಕೋವಿ ಕೆಡುತ್ತೆ. ನೀವೇ ಅಭ್ಯಾಸ ಮಾಡಿಕೊಳ್ಳಬೇಕು."

"ಏನು ಅಭ್ಯಾಸ? ತೋಳು ಉದ್ದ ಮಾಡಿಕೊಳ್ಳೋ ಅಭ್ಯಾಸವಾ?" ಅಹಲ್ಯಾ ಅವರ ದನಿ ಏರಿತು. "ಇಷ್ಟರಲ್ಲೇ ನನಗೆ ಎರಡು ಕೋವಿ ಮಾರಿದ್ದೀರಿ. ಒಂದು ಸಲವಾದರೂ ನನ್ನ ಮುಖ ನೋಡಿ ಮಾತಾಡಿದ್ದೀರಾ?"

ಅವನ ಮುಖ ಕೆಂಪಾಯಿತು. ಬುಡಕ್ಕೆ ಮಾತ್ರ ಕೈ ಹಾಕಲಿಲ್ಲ. ಆ ಎರಡು ಕೋವಿಗಳನ್ನು ಅವನಿಗೇ ಹಿಂದಿರುಗಿಸಿ, ಜೋಡುನಳಿಗೆಯನ್ನು ಇದ್ದಂತೆಯೇ ತಂದರು.

ಬೆಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಶುಲ್ಟ್ಸ್ ಎಂಬ ಮುದುಕ ಬಡಗಿ ಇದ್ದ. ಕುರ್ಚಿ, ಪಿಟೀಲು, ಕೋವಿ ಯಾವುದರ ಮರವಾದರೂ ಸರಿಪಡಿಸುವವನು. ಅವನು ಕೋವಿಯನ್ನು ಪಕ್ಕಕ್ಕಿಟ್ಟು ಮೊದಲು ಅಹಲ್ಯಾ ಅವರ ಮೊಣಕೈಯಿಂದ ಬೆರಳಿನ ತನಕ ಟೇಪು ಹಿಡಿದ. ಕೆನ್ನೆಯ ಮಟ್ಟ ನೋಡಿದ. ಆಮೇಲೆ, "ಇಷ್ಟು ದಿನ ಯಾರೂ ಅಳತೆ ತೆಗೆದುಕೊಂಡಿರಲಿಲ್ಲವೇ?" ಎಂದು ಕೇಳಿದ. ಅಹಲ್ಯಾ 'ಇಲ್ಲ' ಎಂದರು. ಶುಲ್ಟ್ಸ್ ಒಂದೂಮುಕ್ಕಾಲು ಇಂಚು ಕತ್ತರಿಸಿ, ಅಂಚಿಗೆ ರಬ್ಬರಿನ ಮೆತ್ತೆ ಕೂರಿಸಿ ಕೊಟ್ಟ.

1982ರ ಬೇಟೆ ಶುರುವಾದ ಮೊದಲ ದಿನ ಅಹಲ್ಯಾ ನೀರಿನಲ್ಲಿ ಮೂವತ್ತೈದು ಗಜಕ್ಕೆ ಒಂದು ಕೋಲು ನೆಟ್ಟರು. ಕೋಲಿನಾಚೆಯ ಹಕ್ಕಿಗೆ ಹೊಡೆಯುವುದಿಲ್ಲವೆಂದು ನಿರ್ಧರಿಸಿದ್ದರು. ಎತ್ತರದಲ್ಲಿ ಹಿಂಡುಗಳು ಹಾದುಹೋದವು. ಸುತ್ತಲೂ ಕೋವಿಗಳು ಸಿಡಿದವು. ಆಕೆ ಕದಲಲಿಲ್ಲ.

"ಹೊಡೀರಿ! ಯಾಕೆ ಕಾಯ್ತಿದ್ದೀರಿ?" ಎಂದು ಕಾಲಿನ್ ಪಕ್ಕದಿಂದ ಗೊಣಗಿದ.

"ದೂರ."

"ಹೀಗೆ ಕೂತರೆ ಬರಿಗೈಲಿ ಮನೆಗೆ ಹೋಗ್ತೀರಿ."

"ಹೋಗ್ತೀನಿ ಬಿಡಿ."

ಒಂಬತ್ತು ಗಂಟೆಯ ಹೊತ್ತಿಗೆ ಎರಡು ದೊಡ್ಡ ಕಪ್ಪು ಬಾತುಗಳು ಜೊಂಡಿನ ಮೇಲಿಂದ ತಗ್ಗಾಗಿ ಬಂದು ಕೋಲಿನ ಈಚೆಗೆ ತಿರುಗಿದವು. ಕೋವಿ ಎಲ್ಲಿಯೂ ಸಿಕ್ಕಿಕೊಳ್ಳದೆ ಭುಜಕ್ಕೆ ಬಂತು. ಎರಡು ಗುಂಡು, ಎರಡು ಹಕ್ಕಿ. ಎರಡೂ ನೀರಿಗೆ ಬೀಳುವ ಮೊದಲೇ ಸತ್ತಿದ್ದವು. ಆಮೇಲೆ ಕಾಲಿನ್, "ನೋಡಿ, ಹೋದ ವರ್ಷ ನನ್ನ ಕೋವಿಯಲ್ಲಿ ಕಲಿತದ್ದು ಈಗ ಕೆಲಸಕ್ಕೆ ಬಂತು" ಎಂದ. ಇದನ್ನು ಎಲ್ಲಿಂದ ತಿದ್ದಲು ಶುರುಮಾಡುವುದೆಂದು ತಿಳಿಯದೆ ಅಹಲ್ಯಾ ಹಕ್ಕಿಗಳನ್ನು ತರಲು ನೀರಿಗಿಳಿದರು.

ಮನೆಯಲ್ಲಿ ಕೊತ್ತಂಬರಿ, ಕಾಳುಮೆಣಸು, ತೆಂಗಿನಕಾಯಿ ಅರೆದು ತವರಿನ ರೀತಿಯ ಸಾರು ಮಾಡಿದರು. ರಾಜಗೋಪಾಲರು ಯಾವತ್ತಿನಂತೆ ಮೇಜಿನ ಇನ್ನೊಂದು ತುದಿಯಲ್ಲಿ ಮೊಸರನ್ನ ಕಲಸಿಕೊಳ್ಳುತ್ತಿದ್ದರು. ತಟ್ಟೆಯಿಂದ ತಲೆಯೆತ್ತದೆ, "ಅವಕ್ಕೆ ನೋವಾಗ್ಲಿಲ್ಲ ತಾನೆ?" ಎಂದು ಕೇಳಿದರು.

"ಇಲ್ಲ ರೀ. ಗೊತ್ತೇ ಆಗಿರೋಲ್ಲ."

"ಸರಿ ಹಾಗಾದ್ರೆ" ಎಂದು ಅವರು ಊಟ ಮುಂದುವರಿಸಿದರು. ಅವರು ಒಪ್ಪಿದರೆಂದಲ್ಲ. ಕೇಳಿದರಲ್ಲ ಎಂಬುದಷ್ಟೇ ಅಹಲ್ಯಾ ಅವರಿಗೆ ಸಾಕಾಯಿತು.

ಇನ್ನೂ ನಾಲ್ಕು ವರ್ಷ ಆಕೆ ಆ ಹಿನ್ನೀರಿಗೆ ಹೋದರು. ಕೆಲವು ಸಲ ಒಂದೂ ಗುಂಡು ಹಾರಿಸದೆ ಬಂದದ್ದುಂಟು. 1986ರಲ್ಲಿ ಬ್ರಿಸ್ಬೇನಿಗೆ ಹೊರಟಾಗ ಆಸ್ಪತ್ರೆಯವರು ಬೀಳ್ಕೊಡುಗೆಯ ಚಹಾ ಇಟ್ಟುಕೊಂಡಿದ್ದರು. ಕಾಲಿನ್ ಎದ್ದು ನಿಂತು, ಡಾಕ್ಟರ್ ಅಹಲ್ಯಾರಿಗೆ ಬಾತುಕೋಳಿ ಹೊಡೆಯಲು ಕಲಿಸಿದ್ದು ತಾನೇ ಎಂದು ಎಲ್ಲರ ಮುಂದೆ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಹಲ್ಯಾ ಕೈಯಲ್ಲಿದ್ದ ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟು, "ಅಲ್ಲ, ಅದು ಹಾಗಲ್ಲ" ಎಂದು ಶುರುಮಾಡಿದರು. ಅಷ್ಟರಲ್ಲಿ ಕಾಲಿನ್‌ಗೆ ವಾರ್ಡಿನಿಂದ ಕರೆ ಬಂತು, ಅವನು ಕೈ ಬೀಸಿ ಹೊರಟುಹೋದ.